ಅಕ್ಕನ ಎಡಗಡೆ

ಶಿಡ್ಲಘಟ್ಟದ ನಮ್ಮ ಕಾಲೇಜಿನ ಹುಡುಗಿಯರ ಹಾಕಿ ತಂಡಕ್ಕೆ ನಾನೇ ಕೋಚ್. ಆ ವರ್ಷ ಮುಂದಿನ ಸಾಲಿನಲ್ಲಿ ದಿಬ್ಬೂರಹಳ್ಳಿಯ ಅಕ್ಕತಂಗಿಯರಿದ್ದರು: ನಡುವೆ ಅಕ್ಕ, ಅವಳ ಎಡಕ್ಕೆ ತಂಗಿ. ಗೋಲೆಲ್ಲ ಅವರದೇ. ಅಕ್ಕನಿಗಂತೂ ತಂಡವೇ ಪ್ರಾಣ. ಬಲಗಡೆಯವಳಿಗೆ ಮಾತ್ರ ಚೆಂಡೇ ಸಿಗುತ್ತಿರಲಿಲ್ಲ. ಸ್ಟಿಕ್ ಹಿಡಿದು ನಿಂತು ನಿಂತು ಬೇಸತ್ತಿದ್ದಳು.

ಅಕ್ಕತಂಗಿಯರ ಆಟದಲ್ಲಿ ಏನೋ ಸರಿಯಿಲ್ಲ ಎಂದು ನನಗೆ ಆಗಾಗ ಅನ್ನಿಸುತ್ತಿತ್ತು. ತಂಗಿ ಓಡುತ್ತಲೇ "ಎಡಮ ಅಕ್ಕಾ, ಎಡಮ!" ಎಂದು ಮನೆಯ ತೆಲುಗಿನಲ್ಲಿ ಎಡಗಡೆ ತೋರಿಸಿ ಕೂಗುತ್ತಿದ್ದಳು. ಅಕ್ಕ ಕತ್ತನ್ನು ಪೂರ್ತಿ ತಿರುಗಿಸಿ ನೋಡುತ್ತಿದ್ದಳು. ತಂಗಿ ಬಾರದ ಒಂದು ದಿನ ಅಕ್ಕ ಗೋಲ್ ಕಂಬಕ್ಕೆ ಭುಜ ಬಡಿಸಿಕೊಂಡಳು. "ಕಣ್ಣೆಲ್ಲಿಟ್ಟಿದ್ದೀಯಮ್ಮ?" ಎಂದು ಗದರಿದೆ. ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿರಬೇಕು, ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದಾಳೆ ಎಂದುಕೊಂಡೆ. ನಮ್ಮ ಕಡೆ ಮಕ್ಕಳು ತೂಕಡಿಸಲಿ, ಕಣ್ಣು ಕೆಂಪಾಗಲಿ, ಮೇಷ್ಟ್ರುಗಳೆಲ್ಲ ಹುಳದ ಮನೆಯ ಮೇಲೆ ಹಾಕಿ ಸುಮ್ಮನಾಗುತ್ತೇವೆ.

ಚಿಂತಾಮಣಿಯ ಪಂದ್ಯದ ಬೆಳಿಗ್ಗೆ ಸಾಲು ಬದಲಿಸಿದೆ. ತಂಗಿ ಬಲಕ್ಕೆ, ಬಲದವಳು ಎಡಕ್ಕೆ. ತಂಗಿ ಬಿಳಿಚಿಕೊಂಡಳು.

"ಮೇಡಂ, ನನ್ನ ಎಡಗಡೇನೇ ಬಿಟ್ಬಿಡಿ."

"ಯಾಕೆ?"

ಅವಳು ಅಕ್ಕನ ಮುಖ ನೋಡಿದಳು. ಅಕ್ಕ ಬೇಡವೆಂದು ತಲೆಯಾಡಿಸಿ, "ಏನಿಲ್ಲ ಮೇಡಂ, ಆಡ್ತೀವಿ" ಎಂದಳು.

"ತಂಡ ಏನು ನಿಮ್ಮನೆ ಆಸ್ತೀನಾ?" ಎಂದುಬಿಟ್ಟೆ. ಆ ಮಾತು ನೆನೆದರೆ ಇವತ್ತಿಗೂ ನನ್ನ ಮೇಲೇ ಅಸಹ್ಯವಾಗುತ್ತದೆ.

ಆಟ ಚೆನ್ನಾಗಿಯೇ ಸಾಗಿತು. ಎಡಕ್ಕೆ ಬಂದವಳು ಒಂದು ಗೋಲೂ ಹೊಡೆದಳು. ನಾನು ಬೀಗಿದೆ. ಆಚೆ ಬದಿಯಿಂದ ತಂಗಿ ಕೂಗುತ್ತಲೇ ಇದ್ದಳು, ಆದರೆ ಅಷ್ಟು ದೂರದ ಕೂಗು ಗಲಾಟೆಯಲ್ಲಿ ಮುಳುಗಿಹೋಗುತ್ತಿತ್ತು. ಅಷ್ಟರಲ್ಲಿ ಎಡದಿಂದ ಚೆಂಡು ನೆಲ ಬಿಟ್ಟು ಎದ್ದು ಬಂತು. ಹತ್ತಿರವಿದ್ದವರೆಲ್ಲ ತಲೆ ತಗ್ಗಿಸಿದರು. ಅಕ್ಕ ಮಾತ್ರ ಹಾಗೇ ನಿಂತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ಒಡೆದ ಕೆನ್ನೆಗೆ ಹೊಲಿಗೆ ಹಾಕಿ, ಎಡಗಣ್ಣಿಗೆ ಟಾರ್ಚ್ ಬಿಟ್ಟು, "ಈ ಕಣ್ಣು ಹೋಗಿರೋದು ಇವತ್ತಲ್ಲ" ಎಂದರು. ಆಗ ತಂಗಿ ಅಳುತ್ತಾ ಎಲ್ಲ ಹೇಳಿದಳು. ಹುಳದ ತಟ್ಟೆಗಳಿಗೆ ಸುಣ್ಣದ ಪುಡಿ ಉದುರಿಸುವಾಗ ಅಕ್ಕನ ಕಣ್ಣಿಗೆ ಬಿದ್ದಿತ್ತಂತೆ. ಗೊತ್ತಾದರೆ ನಾನು ಅಕ್ಕನನ್ನು ತಂಡದಿಂದ ತೆಗೆದುಹಾಕುತ್ತೇನೆಂದು ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಅಕ್ಕ ಬಲಗಣ್ಣಿನಿಂದ ನನ್ನನ್ನೇ ನೋಡಿದಳು. "ಮುಂದಿನ ಮ್ಯಾಚಿಗೆ ನನ್ನ ಹೆಸರಿರುತ್ತಾ ಮೇಡಂ?"

ಬಲಗಡೆ ಕೂತಿದ್ದ ತಂಗಿ ಎದ್ದು, ಮಂಚ ಸುತ್ತಿಕೊಂಡು ಬಂದು ಅಕ್ಕನ ಎಡಕ್ಕೆ ನಿಂತಳು.