ನನ್ನ ತಮ್ಮನಿಗೆ ನಿದ್ದೆ ಕಲಿಸಿದ್ದು

ಕಳೆದ ಸೋಮವಾರ ನಾನು ಮಹಡಿ ಮನೆಯವರ ಕೆಮ್ಮಿನ ಔಷಧಿಯನ್ನು ಗಟಾರಕ್ಕೆ ಸುರಿದೆ. ಬಾಟಲಿ ನನ್ನದಲ್ಲ. ಮಗು ನನ್ನದಲ್ಲ. ಮಗುವಿಗೆ ಕೆಮ್ಮೂ ಇರಲಿಲ್ಲ.

ಆದದ್ದು ಇಷ್ಟು. ಯಾದಗಿರಿಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಅಶ್ವಿನಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಏಳು ತಿಂಗಳ ಮಗ. ರಾತ್ರಿ ನಾಲ್ಕೈದು ಸಲ ಏಳುತ್ತಾನೆ. ಗಂಡ ದಿನಾ ಶಹಾಪುರಕ್ಕೆ ಬಸ್ಸಿನಲ್ಲಿ ಹೋಗಿಬರುವವನು, ಕಿವಿಗೆ ಹತ್ತಿ ಇಟ್ಟುಕೊಂಡು ಮಲಗುತ್ತಾನಂತೆ. (ಅವಳೂ ಇಟ್ಟುಕೊಂಡರೆ ಏನಾದೀತು ಎಂದು ಅವನು ಯೋಚಿಸಿದಂತಿಲ್ಲ.)

“ಆಯಿ, ನೀವು ಅಂಗನವಾಡಿಯಾಗ ಇದ್ದವರು. ಇವಗ ರಾತ್ರಿಯಿಡೀ ಮಲಗೂದು ಹ್ಯಾಂಗ ಕಲಿಸಬೇಕ್ರಿ?” ಎಂದಳು. ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. “ಮೊಬೈಲ್‌ನಾಗ ಸ್ಲೀಪ್ ಟ್ರೇನಿಂಗ್ ಅಂತ ಏನೇನೋ ನೋಡೀನಿ. ಒಂದೂ ನಡೀವಲ್ದು. ನಮ್ಮ ಬ್ಯಾಂಕಿನ ಮೇಡಮ್ ಒಬ್ರು ಇದನ್ನ ಈಟೀಟ ಹಾಕು, ಗಪ್ ಮಲಗತಾನ ಅಂದ್ರು.”

ಬಾಟಲಿ ಇಸಿದುಕೊಂಡೆ. ಸುರಿದೆ.

“ಬ್ಯಾಡ ಅಂದ್ರ ಸಾಕಿತ್ತಲ್ರೀ ಆಯಿ. ಹೊಸಾದಿತ್ತು.”

ಹೌದು, ಬೇಡ ಅಂದಿದ್ದರೆ ಸಾಕಿತ್ತು. ಯಾಕೆ ಸುರಿದೆ ಎಂದು ಅವಳಿಗೆ ಹೇಳಲಾಗಲಿಲ್ಲ. ಇದುವರೆಗೆ ಯಾರಿಗೂ ಹೇಳಿಲ್ಲ. ವಾರವಾರ ಈ ಅಂಕಣದಲ್ಲಿ ರೊಟ್ಟಿ, ಬಸ್ಸು, ಪಿಂಚಣಿಯ ಸಾಲು ಎಂದು ನಿಮ್ಮೊಂದಿಗೆ ಹರಟುತ್ತ ಬಂದವಳು ನಾನು. ಈ ವಾರ ನಗಿಸಲಾರೆ.

ನಾನು ಹುಟ್ಟಿದ್ದು ಸುರಪುರದ ಕಡೆ, ದೇವಾಪುರಕ್ಕೆ ನಡೆದು ಹೋಗುವಷ್ಟು ಹತ್ತಿರದ ಒಂದು ಹಳ್ಳಿಯಲ್ಲಿ. ಕುರಿ ಸಾಕುವ ಮನೆ. ಹಿಂಗಾರಿ ಬಿತ್ತನೆಯ ಕೆಲಸ ಮುಗಿಸಿ ಅಪ್ಪ ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಹೋದರೆ ಮತ್ತೆ ಮನೆ ಕಾಣುವುದು ಮುಂದಿನ ಮಳೆಗಾಲಕ್ಕೆ. ಉಳಿದವರು ಮೂವರು: ಅವ್ವ, ಹತ್ತು ವರ್ಷದ ನಾನು, ತಮ್ಮ ಬೀರಪ್ಪ.

ತಮ್ಮ ಹುಟ್ಟಿದ್ದು ಗಲಾಟೆಯ ವರ್ಷ. ನಿಜಾಮನ ರಾಜ್ಯ ಉಳಿಯುತ್ತದೋ ಹೋಗುತ್ತದೋ ಯಾರಿಗೂ ತಿಳಿಯದ ಕಾಲ. ಕತ್ತಲಾದರೆ ಲೂಟಿಗೆ ಬರುವವರಿಗೆ ಹೆದರಿ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಜೋಳದ ಬೆಳೆಯೊಳಗೆ ಹೋಗಿ ಅಡಗುತ್ತಿದ್ದರು. ಒಂದು ಕೂಸು ಅತ್ತರೆ ಎಲ್ಲರೂ ಸಿಕ್ಕಿಬೀಳಬೇಕು. ಅದಕ್ಕೆ ಅಫೀಮು. ಸಾಸಿವೆ ಕಾಳಿನಷ್ಟು ಕರಿ ಅಂಟನ್ನು ಎದೆಹಾಲಿನಲ್ಲಿ ತೇಯ್ದು ಬೆರಳಿನಿಂದ ನೆಕ್ಕಿಸುವುದು. ತಪ್ಪು ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಸುರಪುರದ ಸಂತೆಗೆ ಹೋದವರು ಉಪ್ಪು, ಬೆಲ್ಲದ ಜೊತೆ ಅದನ್ನೂ ತರುತ್ತಿದ್ದರು.

ಪೊಲೀಸ್ ಆಕ್ಷನ್ ಆಯಿತು, ಮಿಲ್ಟ್ರಿ ಬಂದು ನಿಜಾಮನ ರಾಜ್ಯ ಹೋಯಿತು. ಹೊಲದಲ್ಲಿ ಅಡಗುವುದು ನಿಂತಿತು. ಅಫೀಮು ನಿಲ್ಲಲಿಲ್ಲ. ಅವ್ವ ನಸುಕಿನಲ್ಲೇ ರೊಟ್ಟಿ ಬಡಿದಿಟ್ಟು ಹತ್ತಿ ಬಿಡಿಸಲು ಕೂಲಿಗೆ ಹೋಗಬೇಕು. ರಾತ್ರಿ ನಿದ್ದೆ ಇಲ್ಲದವಳು ದಿನವಿಡೀ ಬಾಗಿ ನಿಂತು ದುಡಿಯುವುದು ಹೇಗೆ? ಹಾಗಾಗಿ ರಾತ್ರಿ ಮಲಗುವ ಮುಂಚೆ ಒಂದು ಸಲ. ಅಷ್ಟೇ. ಹಗಲು ತಮ್ಮ ನನ್ನ ಸೊಂಟದ ಮೇಲೆ.

ಆ ಚಳಿಗಾಲದಲ್ಲಿ ಊರಿಗೆ ಕನ್ನಡ ಮಾಸ್ತರರು ಬಂದರು. ಅಲ್ಲಿಯತನಕ ನಮಗೆ ಶಾಲೆ ಅಂದರೆ ಉರ್ದು, ಅದೂ ದೂರದಲ್ಲಿ, ಅದೂ ಗಂಡುಹುಡುಗರಿಗೆ. ಈ ಮಾಸ್ತರರು ಚಾವಡಿಯ ಕಟ್ಟೆಯ ಮೇಲೆ ಶಾಲೆ ಹೂಡಿ, ಹೆಣ್ಣುಮಕ್ಕಳೂ ಬರಲಿ ಎಂದು ಮನೆಮನೆಗೆ ಹೇಳಿ ಹೋದರು. ನಾನು ತಮ್ಮನನ್ನು ಎತ್ತಿಕೊಂಡೇ ಹೋದೆ. ಅವನು ಅತ್ತ. ಎರಡನೇ ದಿನವೂ ಅತ್ತ.

“ನಿಂಗವ್ವ, ಇಂವ ಹಿಂಗ ಅಳ್ತಿದ್ರ ಉಳಿದವರು ಹ್ಯಾಂಗ ಕಲೀಬೇಕವಾ?” ಎಂದರು ಮಾಸ್ತರರು. ಒಳ್ಳೆಯ ಮನುಷ್ಯ, ಬೈಯಲಿಲ್ಲ. “ಕೂಸು ಮಲಗಿಸಿ ಬಾ.”

ಮಲಗಿಸಿ ಹೋದೆ. ಹೇಗೆ ಮಲಗಿಸುವುದೆಂದು ದಿನಾ ರಾತ್ರಿ ನೋಡುತ್ತಿದ್ದೆನಲ್ಲ? ಅವ್ವ ಹೊಲಕ್ಕೆ ಹೋದ ಮೇಲೆ ಅದೇ ಅಂಟು, ಆಡಿನ ಹಾಲಿನಲ್ಲಿ. ಅರ್ಧ ತಾಸಿನಲ್ಲಿ ತಮ್ಮ ಗಪ್. ನಾನು ಚಾವಡಿಗೆ ಓಟ.

ಹೀಗೆ ಒಂದು ತಿಂಗಳ ಮೇಲಾಯಿತು. ಹಗಲೆಲ್ಲ ಮಲಗಿದ ಕೂಸು ರಾತ್ರಿ ಮಲಗುತ್ತದೆಯೇ? ಸಂಜೆಯಾದರೆ ಅವನ ಕಣ್ಣು ತೆರೆಯುತ್ತಿತ್ತು. ಅವ್ವ ಅವನನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ತಿರುಗುತ್ತಿದ್ದಳು. ಗೋಡೆಗೆ ಒರಗಿ ನಿಂತೇ ತೂಕಡಿಸುತ್ತಿದ್ದಳು.

ಪಕ್ಕದ ಮನೆಯ ಸಾಬವ್ವ ತಮಾಷೆ ಮಾಡಿದಳು. “ನಿನ್ನ ಮಗ ರಾತ್ರಿಯಿಡೀ ಪಹರೆ ಕಾಯ್ತಾನಲ್ಲೇ. ಮಿಲ್ಟ್ರಿ ಬಂದು ಹೋಗ್ಯಾದ, ಇನ್ನ ಮಲಗು ಅಂತ ಹೇಳು ಅವಗ.”

“ಮಾತು ತಿಳಿದ್ರ ಹೇಳ್ತಿದ್ದೆ ತಗೋ,” ಎಂದಳು ಅವ್ವ. ಆಮೇಲೆ ನನ್ನ ಕಡೆ ತಿರುಗಿದಳು. “ನಿಂಗೀ, ಹಗಲ ಬಾಳ ಮಲಗತಾನೇನ ಇಂವ?”

“ಇಲ್ಲವ್ವ. ಕಣ್ಣ ಮುಚ್ಚಂಗಿಲ್ಲ.”

ಇಷ್ಟು ಸುಲಭವಾಗಿ ಬಂತು ಸುಳ್ಳು. ನಿಜ ಹೇಳಿದ್ದರೆ ಎರಡು ಏಟು ಬೀಳುತ್ತಿತ್ತು, ಶಾಲೆ ತಪ್ಪುತ್ತಿತ್ತು. ಆ ವಾರ ಮಾಸ್ತರರು ನಮ್ಮ ನಮ್ಮ ಹೆಸರು ಬರೆಯಲು ಕಲಿಸುತ್ತಿದ್ದರು. ಹೆಸರು ಬಂದ ಮೇಲೆ ಬಿಟ್ಟರಾಯಿತು ಎಂದುಕೊಂಡೆ.

“ಹಂಗಾದ್ರ ಕಡಿಮಿ ಬೀಳಾಕತ್ಯಾದ. ಒಂದೀಟ ಹೆಚ್ಗಿ ಹಾಕು,” ಎಂದಳು ಸಾಬವ್ವ.

ಅವ್ವ ಸಾಸಿವೆಯಿಂದ ಜೋಳದ ಕಾಳಿಗೆ ಬಂದಳು. ತಮ್ಮ ಆ ರಾತ್ರಿ ಒಮ್ಮೆಯೂ ಏಳಲಿಲ್ಲ. ಬೆಳಿಗ್ಗೆ ಅವ್ವನ ಮುಖ ಬೇರೆಯಾಗಿತ್ತು. ರೊಟ್ಟಿ ಬಡಿಯುತ್ತ, “ಇವತ್ತ ಬೆನ್ನ ನೆಲಕ್ಕ ಹತ್ತಿತು ನೋಡು,” ಎಂದು ನಕ್ಕಳು. ನಾನು ಹಗಲಿನದನ್ನು ನಿಲ್ಲಿಸಲಿಲ್ಲ.

ಮೂರನೆಯ ಬೆಳಿಗ್ಗೆ ಅವನಿನ್ನೂ ಮಲಗಿಯೇ ಇದ್ದ. “ಎಬ್ಬಿಸಬ್ಯಾಡ, ಮಲಗಲಿ,” ಎಂದು ಅವ್ವ ಹೊಲಕ್ಕೆ ಹೋದಳು. ಇವತ್ತು ಕೊಡುವ ಕೆಲಸವೂ ಇಲ್ಲ ಎಂದು ಖುಷಿಯಿಂದ ನಾನು ಶಾಲೆಗೆ ಹೋದೆ. ಮುಟ್ಟಿ ಕೂಡ ನೋಡಲಿಲ್ಲ.

ಮಧ್ಯಾಹ್ನ ಬಂದಾಗ ಅವನ ರೆಪ್ಪೆಯ ಮೇಲೆ ನೊಣ ಕೂತಿತ್ತು. ಓಡಿಸಿದೆ, ರೆಪ್ಪೆ ಅಲುಗಲಿಲ್ಲ. ತುಟಿ ನೀಲಿ. ಉಸಿರು ಇತ್ತು. ಒಂದು ಉಸಿರಿನಿಂದ ಇನ್ನೊಂದಕ್ಕೆ ಬಹಳ ಹೊತ್ತು ಕಾಯಬೇಕಾಗಿತ್ತು.

ಹೊಲಕ್ಕೆ ಓಡಿ ಅವ್ವನನ್ನು ಕರೆತಂದೆ. ಅವಳು ಅವನನ್ನು ಎದೆಗವಚಿಕೊಂಡು ಸುರಪುರದ ದವಾಖಾನೆಯತನಕ ಅರ್ಧ ನಡೆದಳು, ಅರ್ಧ ಓಡಿದಳು. ನಾನು ಹಿಂದೆ. ಡಾಕ್ಟರ್ ಇರಲಿಲ್ಲ, ಕಂಪೌಂಡರ್ ಇದ್ದ. ತಮ್ಮನ ಕಣ್ಣು ಬಿಡಿಸಿ ನೋಡಿದ.

“ಅಫೀಮ್ ಎಷ್ಟ ಹಾಕೀದಿ?”

“ಒಂದ ಜ್ವಾಳದ ಕಾಳಿನಷ್ಟ್ರಿ ಸಾಹೇಬ್ರ.”

“ದಿನಕ್ಕ ಎಷ್ಟ ಸಲ?”

“ರಾತ್ರಿ ಒಂದ ಸಲ್ರಿ.”

“ಹಗಲ ಕೊಟ್ಟಿಲ್ಲ? ಖರೇ ಹೇಳು.”

“ಹಗಲ ಯಾಕ ಕೊಡ್ಲಿರಿ? ಹಗಲ ಇಕಿ ಎತಗೊಂಡ ತಿರಗತಾಳ.”

ಇಕಿ ಅಂದರೆ ನಾನು. ಕಂಪೌಂಡರ್ ನನ್ನ ಕಡೆ ನೋಡಿದ. ನಾನು ಅವ್ವನ ಸೆರಗು ಹಿಡಿದುಕೊಂಡು ನೆಲ ನೋಡಿದೆ.

ಹೇಳಿದ್ದರೆ ಬದುಕುತ್ತಿದ್ದನೆ? ಗೊತ್ತಿಲ್ಲ. ದೀಪ ಹಚ್ಚುವ ಮುಂಚೆ ತಮ್ಮ ಹೋದ. ಹೇಳಲಿಲ್ಲ ಎಂಬುದು ಮಾತ್ರ ಗೊತ್ತು.

ಊರಿನವರು ಅವ್ವನಿಗೆ ‘ಮಗನನ್ನ ತಿಂದಾಕಿ’ ಎಂದರು. ಹೆಚ್ಚು ಹಾಕು ಎಂದ ಸಾಬವ್ವನೂ ಅಂದಳು. ಸುದ್ದಿ ಮುಟ್ಟಿ ಬಂದ ಅಪ್ಪ ಮೂರು ದಿನ ಕೂತಿದ್ದು ಕುರಿಗಳ ಬಳಿಗೆ ಹೋದ. ಆಮೇಲೆ ಅವನು ಅವ್ವನ ಜೊತೆ ಅಗತ್ಯವಿದ್ದಷ್ಟೇ ಮಾತಾಡಿದ. ಅವ್ವ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು: “ಹೌದ್ರಿ, ನನ್ನ ಕೈಲೇ ಹೋದ.” ನಾನು ಪಕ್ಕದಲ್ಲೇ ಇರುತ್ತಿದ್ದೆ. ಶಾಲೆಗೆ ಮತ್ತೆ ಹೋಗಲಿಲ್ಲ. ಮಿಕ್ಕ ಅಕ್ಷರ ಕಲಿತದ್ದು ಎಷ್ಟೋ ವರ್ಷದ ಮೇಲೆ, ಅಂಗನವಾಡಿಯಲ್ಲಿ ಸಹಾಯಕಿಯಾದಾಗ, ಮಕ್ಕಳ ಜೊತೆಗೆ.

ಅಲ್ಲಿ ನಮಗೆ ಟ್ರೇನಿಂಗ್ ಕೊಡಲು ಬಂದ ಡಾಕ್ಟರಮ್ಮ ಒಬ್ಬರು, ಅಫೀಮಿನಂಥವು ಕೂಸಿನ ಮೈಯಿಂದ ಬೇಗ ಹೋಗುವುದಿಲ್ಲ, ಒಂದರ ಮೇಲೊಂದು ಕೂಡುತ್ತ ಹೋಗುತ್ತವೆ ಎಂದು ತಿಳಿಸಿ ಹೇಳಿದರು. ಎಲ್ಲರೂ ತಲೆಯಾಡಿಸಿದರು. ನಾನು ಎದ್ದು ಹೊರಗೆ ಹೋದೆ. ಅಲ್ಲಿದ್ದಷ್ಟು ವರ್ಷ ಮಲಗಿದ ಮಕ್ಕಳ ಮೂಗಿನ ಕೆಳಗೆ ಬೆರಳಿಟ್ಟು ನೋಡುವುದು ನನ್ನ ಚಟವಾಗಿತ್ತು. (ಎಷ್ಟೋ ಮಕ್ಕಳು ಎದ್ದು ಅಳುತ್ತಿದ್ದವು. ಟೀಚರ್ ಬೈಯುತ್ತಿದ್ದರು.)

ಈಗ ಸಂಜೆ ಮಹಡಿಗೆ ಹೋಗಿ ಎರಡು ತಾಸು ಅಶ್ವಿನಿಯ ಮಗನನ್ನು ಎತ್ತಿಕೊಳ್ಳುತ್ತೇನೆ. ಅವಳು ಮಲಗುತ್ತಾಳೆ. ರಾತ್ರಿ ಏಳುವ ಕೂಸಿಗೆ ಯಾವ ಟ್ರೇನಿಂಗ್? ಹೊಟ್ಟೆ ಸಣ್ಣದು, ಏಳುತ್ತದೆ, ದೊಡ್ಡದಾದಂತೆ ತಾನೇ ಮಲಗುತ್ತದೆ. ಅಲ್ಲಿಯತನಕ ತಾಯಿಗೆ ಇನ್ನೊಂದು ಜೋಡಿ ಕೈ ಬೇಕು. ನಮ್ಮ ಮನೆಯಲ್ಲಿ ಆ ಇನ್ನೊಂದು ಜೋಡಿ ಕೈ ನನ್ನದಾಗಿತ್ತು.

ಅವ್ವ ಮೂವತ್ತು ವರ್ಷ ಇದನ್ನು ಹೊತ್ತಳು. ಕೊನೆಗೆ ನನ್ನ ಮನೆಯಲ್ಲೇ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದಳು.

“ನಿಂಗೀ, ನಿನ್ನ ತಮ್ಮನ್ನ ನಾನ ತಿಂದೆ. ನಿನಗ ತವರು ಇಲ್ಲದಂಗ ಮಾಡಿದೆ. ಮಾಫ್ ಮಾಡ್ತೀಯೇನವ್ವ?”

ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಯಾವುದಿತ್ತು?

“ಮಾಫ್ ಮಾಡೀನವ್ವ,” ಎಂದೆ.