ಕಿವಿ ಕತ್ತರಿಸದ ಟಗರು

ಮೂಡಲಗಿಯಿಂದ ಒಂದು ಹರದಾರಿ ದೂರದ ನಮ್ಮ ಊರು ಒಬ್ಬ ರಾಜರದು, ಹಳ್ಳದಾಚೆಯ ಊರು ಇನ್ನೊಬ್ಬರದು. ಇಬ್ಬರೂ ಇಂಗ್ಲಿಷ್ ಸರಕಾರದ ಮುಂದೆ ಕೈಕಟ್ಟಿ ನಿಲ್ಲುವವರೇ. ಆದರೆ ಹಳ್ಳದ ದಂಡೆಯ ಗಾಯರಾಣ, ಅಂದರೆ ದನಕುರಿ ಮೇಯುವ ಬಯಲು, ಯಾರದೆಂದು ತಮ್ಮತಮ್ಮಲ್ಲಿ ಹಟ. ಅಲ್ಲಿ ಕುರಿ ಮೇಯಿಸುತ್ತಿದ್ದ ನಮ್ಮನ್ನು ಮಾತ್ರ ಯಾರೂ ಕೇಳಲಿಲ್ಲ.

ಜರ್ಮನಿಯ ಲಡಾಯಿ ಬಂತು. ಹೆಚ್ಚು ಮಂದಿಯನ್ನು ಕಳಿಸಿದವರ ಮಾತು ಸಾಹೇಬರ ಹತ್ತಿರ ನಡೆಯುತ್ತದೆಂದು ಇಬ್ಬರು ರಾಜರೂ ಪೈಪೋಟಿಗೆ ಬಿದ್ದರು. ನಮ್ಮ ಮನೆಯಿಂದ ಅಣ್ಣ ಹೋದ. ಅಪ್ಪ ಗೋಕಾಕದವರೆಗೆ ಜೊತೆಗೆ ನಡೆದು ಕಳಿಸಿ ಬಂದ.

ನಮ್ಮ ಕುರುಬರಲ್ಲಿ ಕುರಿಯ ಕಿವಿಯ ಮೇಲೆ ಮನೆಗೊಂದು ಗುರುತು. ನಮ್ಮದು ಎಡಗಿವಿಯ ತುದಿಯಲ್ಲಿ ಎರಡು ಕಚ್ಚು. ಆ ಕೆಲಸ ಅಣ್ಣನದೇ. ಅವನ ಕೈಯಲ್ಲಿ ಮರಿ ಒದರುತ್ತಿರಲಿಲ್ಲ. ಅವನು ಹೋದ ವಾರ ಹುಟ್ಟಿದ ಗಂಡುಮರಿಯೊಂದನ್ನು ಅಪ್ಪ ಹಾಗೇ ಬಿಟ್ಟ. "ಇದರ ಕಿವಿ ಅವ ಬಂದು ಕತ್ತರಸ್ಲಿ," ಎಂದ. ಅವ್ವ ದಿನಾ ತನ್ನ ರೊಟ್ಟಿಯಲ್ಲಿ ಅದಕ್ಕೆ ಮುರಿದು ಕೊಡುತ್ತಿದ್ದಳು.

ಮರಿ ಟಗರಾಯಿತು, ಲಡಾಯಿ ಮುಗಿಯಿತು. ಸಾಹೇಬರು ಗೆದ್ದರೆಂದು ಎರಡೂ ಸಂಸ್ಥಾನಗಳಲ್ಲಿ ಸಕ್ಕರೆ ಹಂಚಿದರು. ತುಕ್ಕಾನಟ್ಟಿಯವನೊಬ್ಬ ತಿರುಗಿ ಬಂದ. ಅಣ್ಣ ಬರಲಿಲ್ಲ, ಕಾಗದವೂ ಬರಲಿಲ್ಲ. ಗಾಯರಾಣ ಆಚೆಯ ರಾಜರ ಪಾಲಾಯಿತು. ಅವರು ನಮ್ಮವರಿಗಿಂತ ಹೆಚ್ಚು ಮಂದಿ ಕೊಟ್ಟಿದ್ದರಂತೆ.

ಹೊಸ ಗಡಿಕಲ್ಲಿನ ಸುದ್ದಿ ಟಗರಿಗೇನು ಗೊತ್ತು? ಮೊದಲಿನಂತೆ ಅಲ್ಲೇ ಮೇಯಲು ಹೋಯಿತು. ಗುರುತಿಲ್ಲದ ಕುರಿ ಎಂದು ಅವರ ಸಿಪಾಯಿ ಅದನ್ನು ಹಿಡಿದು ಬಿಡಾಡಿ ದನ ಕಟ್ಟುವ ಕೊಂಡವಾಡದಲ್ಲಿ ಕೂಡಿದ.

ಅಪ್ಪನ ಜೊತೆ ನಾನೂ ಹೋದೆ. ಅಲ್ಲಿಯ ಕಾರಕೂನ ಕೆಟ್ಟವನಾಗಿರಲಿಲ್ಲ. ಆಗಿದ್ದರೆ ಮನಸಾರೆ ಬೈದಾದರೂ ಬರುತ್ತಿದ್ದೆ.

"ಗುರ್ತ ಇಲ್ಲಲ್ಲಪಾ. ನಿಂದ ಅಂತ ಹೆಂಗ ಬರೀಲಿ?"

"ನಂದ ಐತ್ರಿ. ಮಗಾ ಲಡಾಯಿಗೆ ಹೋಗ್ಯಾನ್ರಿ. ಅವ ಬಂದು ಕತ್ತರಸ್ಲಿ ಅಂತ ಬಿಟ್ಟೇನ್ರಿ," ಎಂದ ಅಪ್ಪ.

ಕಾರಕೂನ ತಲೆ ತಗ್ಗಿಸಿದ. "ನಾಳೆ ಲಿಲಾವ ಐತಿ, ಕೂಗಿ ಮಾರಿ ಬಿಡ್ತಾರ. ಈಗ ನನ್ನ ಮುಂದ ಗುರ್ತ ಹಾಕು, ಹೊಡಕೊಂಡ ಹೋಗು."

ಅಪ್ಪ ಬಹಳ ಹೊತ್ತು ಟಗರಿನ ಕೊರಳು ತಬ್ಬಿ ಕೂತ. ಆಮೇಲೆ ಸೊಂಟದ ಚಾಕು ತೆಗೆದ. ಎಡಗಿವಿಯ ತುದಿ ಹಿಡಿದು ಎರಡು ಕಚ್ಚು ಹಾಕಿದ. ಟಗರು ಜೋರಾಗಿ ಒದರಿತು.

ಅವ್ವ ರೊಟ್ಟಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಟಗರಿನ ಕಿವಿಯ ಎರಡು ಕಚ್ಚು ಕಂಡದ್ದೇ ಅವಳ ಮುಖ ಅರಳಿತು.

"ಬಂದಾನೇನ? ಎಲ್ಲ್ಯಾನ?" ಎಂದು ನಮ್ಮ ಹಿಂದಿನ ದಾರಿ ನೋಡಿದಳು.