ಮಾವನವರು ನುಂಗುತ್ತಿದ್ದ ಗುಳಿಗೆ

ಬಸುರಿನ ಮೂರನೇ ತಿಂಗಳಲ್ಲಿ ಸ್ಕ್ಯಾನ್ ಮತ್ತು ರಕ್ತಪರೀಕ್ಷೆಯ ರಿಪೋರ್ಟ್ ನೋಡಿದ ಡಾಕ್ಟರು, "ಮುಂದ ನಿಮಗ ಬಿಪಿ ಏರೋ ಸಂಭವ ಐತ್ರಿ. ದಿನಾ ಈ ಸಣ್ಣ ಗುಳಿಗಿ ತಗೋರಿ" ಎಂದರು. ಧಾರವಾಡ ಕಡೆಯವರು. ನಾವಿರುವ ಮರಾಠಿ ಊರು ಕೋಪರಖೈರಣೆಯಲ್ಲಿ ಕನ್ನಡದ ಡಾಕ್ಟರು ಸಿಕ್ಕರೆಂದೇ ಅವರ ಬಳಿ ಹೋಗಿದ್ದೆ. ಆದರೆ ನನಗೆ ಬಿಪಿಯೇ ಇರಲಿಲ್ಲ. ಬಾರದ ಕಾಯಿಲೆಗೆ ಔಷಧಿ ಕೊಡುವವರನ್ನು ಹೇಗೆ ನಂಬುವುದು?

ಮನೆಯಲ್ಲಿ ಅತ್ತೆ ಗುಳಿಗೆಯ ಸ್ಟ್ರಿಪ್ಪನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಇದು ನಿನ್ನ ಮಾವನಿಗೆ ಹಾರ್ಟ್ ಅಟ್ಯಾಕ್ ಆದ ಮೇಲೆ ಕೊಡ್ತಾ ಇದ್ದದ್ದಲ್ವಾ? ಬಸುರಿಗೆ ಇದೆಂತಕ್ಕೆ ಮಾರಾಯ್ತಿ? ಸಿಸೇರಿಯನ್ನಿಗೆ ಈಗಲೇ ದಾರಿ ಮಾಡ್ತಾ ಇದ್ದಾಳೆ ಅವಳು, ಆ ಡಾಕ್ಟರು."

ನನಗೂ ಹಾಗೇ ಅನ್ನಿಸಿತು. ಯಾರಿಗೂ ಹೇಳದೆ ಪಕ್ಕದ ಠಾಣೆ ಪಟ್ಟಣಕ್ಕೆ ಹೋಗಿ ಇನ್ನೊಬ್ಬ ಡಾಕ್ಟರಿಗೆ ತೋರಿಸಿದೆ. ಅವರೂ ತಗೊಳ್ಳಿ ಎಂದರು. ಎಲ್ಲರೂ ಒಂದೇ ಎಂದು ಗೊಣಗುತ್ತಲೇ ನುಂಗತೊಡಗಿದೆ. ಡಾಕ್ಟರು ಹೇಳಿದರೆಂದು ಗಂಡ ಬಿಪಿ ಮಷೀನನ್ನೂ ತಂದಿಟ್ಟರು.

ಎಂಟನೇ ತಿಂಗಳಲ್ಲಿ ಒಂದು ಬೆಳಿಗ್ಗೆ, ರಬಾಳೆಯ ಆಫೀಸಿನಲ್ಲಿ, ಕಂಪ್ಯೂಟರಿನ ಅಕ್ಷರಗಳ ನಡುವೆ ಕಿಡಿ ಹಾರಿದಂತಾಯಿತು. ರಿಕ್ಷಾ ಹಿಡಿದು ಮನೆಗೆ ಬಂದೆ. ಬಲಪಕ್ಕೆಯ ಕೆಳಗೆ ನೋವು. "ಎಂತ ಇಲ್ಲ, ವಾಯು" ಎಂದು ಅತ್ತೆ ಜೀರಿಗೆ ಕಷಾಯಕ್ಕೆ ನೀರಿಟ್ಟರು. ನಾನು ಮಷೀನು ಕಟ್ಟಿಕೊಂಡೆ. ಎಂದೂ ಕಾಣದಷ್ಟು ಏರಿತ್ತು. ಮಷೀನೇ ಹಾಳಾಗಿರಬೇಕೆಂದು ಅತ್ತೆಯ ತೋಳಿಗೆ ಕಟ್ಟಿದೆ. ಅವರದು ಎಂದಿನಂತೆಯೇ ಇತ್ತು. ಮತ್ತೆ ನನ್ನದು ನೋಡಿದರೆ, ಇನ್ನೂ ಹೆಚ್ಚು. ಅತ್ತೆ ಒಲೆ ಆರಿಸಿ ಚಪ್ಪಲಿ ಮೆಟ್ಟಿದರು.

ಆಸ್ಪತ್ರೆಯಲ್ಲಿ ನೋಡಿದಾಗ ಮೂತ್ರದಲ್ಲಿ ಪ್ರೋಟೀನ್ ಇತ್ತು. "ನಾ ಅಂಜಿದ್ದು ಇದಕ್ಕರಿ, ಪ್ರಿಎಕ್ಲಾಂಪ್ಸಿಯಾ. ಬಸುರಿನ್ಯಾಗ ಬಿಪಿ ಏರಿ ತಾಯಿಗೂ ಕೂಸಿಗೂ ಅಪಾಯ ತರ್ತೈತಿ. ಇನ್ನ ಕಾಯೂದು ಬ್ಯಾಡ" ಎಂದರು ಡಾಕ್ಟರು. ಸಂಜೆಯೊಳಗೆ ಸಿಸೇರಿಯನ್ ಆಯಿತು. ತಿಂಗಳು ತುಂಬದೆ ಹುಟ್ಟಿದ ಮಗಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಯಲ್ಲಿಟ್ಟರು.

ಎದ್ದು ಕೂರುವಂತಾದಾಗ ಕೇಳಿಯೇಬಿಟ್ಟೆ: "ಒಂದು ದಿನವೂ ಗುಳಿಗೆ ತಪ್ಪಿಸಿಲ್ಲ. ಮತ್ತೆ ಯಾಕೆ ಬಂತು?"

"ಎಲ್ಲಾರಿಗೂ ತಡೀತೈತಿ ಅಂತಿಲ್ರಿ. ತಗೊಳ್ಳದಿದ್ರ ಇನ್ನೂ ಮೊದಲ ಬರ್ತಿತ್ತೋ ಏನೋ. ಖರೇ ಹೇಳಬೇಕಂದ್ರ, ನನಗ ಗೊತ್ತಿಲ್ಲ."

ಗೊತ್ತಿಲ್ಲ ಎಂದ ಆ ಗಳಿಗೆಯಲ್ಲಿ, ಮೊದಲ ಬಾರಿಗೆ, ನಾನು ಅವರನ್ನು ನಂಬಿದೆ.

ಮಗಳು ಮೈಕೈ ತುಂಬಿಕೊಂಡು ಈಗ ಮನೆಯೆಲ್ಲ ಓಡಾಡುತ್ತಾಳೆ. ಇನ್ನೊಂದು ಬೇಡವಾ ಎಂದು ನೆಂಟರು ಕೇಳಿದರೆ, "ಡಾಕ್ಟರಮ್ಮನ ಹತ್ರ ಕೇಳದೆ ಎಂತದೂ ಇಲ್ಲ" ಎಂದು ಅತ್ತೆಯೇ ಬಾಯಿ ಮುಚ್ಚಿಸುತ್ತಾರೆ. ನಾನು ಆ ಬಿಪಿ ಮಷೀನನ್ನು ಇನ್ನೂ ಕೈಗೆಟಕುವಲ್ಲೇ ಇಟ್ಟುಕೊಂಡಿದ್ದೇನೆ. ಸಣ್ಣ ತಲೆನೋವು ಬಂದರೂ ನನಗೀಗ ನನ್ನ ಮೈಯ ಮೇಲೆಯೇ ಅನುಮಾನ.